ಇ ಮೈನರ್ ಮತ್ತು ಮೈಸೂರಿನ ಮಹಾರಾಜರು

ಗಿಟಾರ್ ಕಲಿಯಲು ಹೊರಟವರಿಗೆ ಮೊದಲ ವಾರವೇ ಸಿಗುವ ಕಾರ್ಡ್ ಒಂದುಂಟು. ಎರಡೇ ಬೆರಳು ಸಾಕು. ಮೇಲಿನಿಂದ ಎರಡನೇ ಮತ್ತು ಮೂರನೇ ತಂತಿಯನ್ನು ಎರಡನೇ ಫ್ರೆಟ್‌ನಲ್ಲಿ ಒತ್ತಿ, ಆರೂ ತಂತಿಯನ್ನು ಒಮ್ಮೆ ಮೀಟಿದರೆ ಆಯ್ತು. ಅದಕ್ಕೆ ಇ ಮೈನರ್ ಅಂತ ಹೆಸರು. ನಾನು ಅದನ್ನು ಕಲಿತದ್ದು ಬೆಂಗ್ರೆಯಲ್ಲಿ, ಮನೆಯ ಹಿಂದೆ, ಬಲೆ ರಾಶಿ ಹಾಕಿದ ಜಾಗದಲ್ಲಿ ಕೂತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಮಲಗಿರುವ ಮರಳಿನ ಪಟ್ಟಿ ನಮ್ಮೂರು. ಇಲ್ಲಿ ಹುಡುಗರ ಕಾಲಲ್ಲಿ ಫುಟ್‌ಬಾಲ್ ಇರುತ್ತದೆ. ಗಿಟಾರ್ ಹಿಡಿದು ಧಕ್ಕೆಯಿಂದ ದೋಣಿ ಹತ್ತಿದವನನ್ನು ಎಲ್ಲರೂ ಒಮ್ಮೆ ತಿರುಗಿ ನೋಡುತ್ತಾರೆ.

ಅಜ್ಜ ಅವತ್ತು ಬಲೆ ಸರಿ ಮಾಡ್ತಾ ಇದ್ದರು. ಕೇಳಿ ಕೇಳಿ ಸಾಕಾಗಿ, ಇದೆಲ್ಲ ದುಡ್ಡಿದ್ದವರ ಆಟ ಮಾರಾಯ, ರಾಜರಿಗೆ ಸರಿ, ನಮಗೆಂತಕ್ಕೆ ಅಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ನಿಜವಾಗಿ ಒಬ್ಬ ರಾಜರಿಗೆ ಈ ಆಟ ಸರಿ ಹೋಗಿತ್ತಾ ಅಂತ ಹುಡುಕಿದೆ. ಸಿಕ್ಕಿದ್ದು ನಮ್ಮದೇ ರಾಜ್ಯದ ಕಥೆ. ಅರಮನೆ, ಪಿಯಾನೋ, ಗುರುಗಳು, ದುಡ್ಡು ಎಲ್ಲ ಇದ್ದೂ ತಾನು ಆಗಬೇಕೆಂದಿದ್ದ ಸಂಗೀತಗಾರ ಆಗಲು ಸಾಧ್ಯವಾಗದೆ ಹೋದ ಒಬ್ಬರ ಕಥೆ. ಅವರು ಜಯಚಾಮರಾಜೇಂದ್ರ ಒಡೆಯರ್, ಮೈಸೂರಿನ ಕೊನೆಯ ಮಹಾರಾಜರು.

ಅರಮನೆಯ ಎರಡು ಕಿವಿ

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪ ಯಾರು ಅಂತ ಎಲ್ಲರಿಗೂ ಗೊತ್ತು, ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮುಂದಿನ ಪಟ್ಟ ತಮ್ಮನಿಗೆ, ಆಮೇಲೆ ತಮ್ಮನ ಒಬ್ಬನೇ ಮಗನಿಗೆ ಅನ್ನುವುದು ಲೆಕ್ಕ. ಅಂದರೆ ಹುಡುಗನ ಸರದಿ ಬರಲು ಇನ್ನೂ ಬಹಳ ವರ್ಷ ಇದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ನಾಲ್ವಡಿಯವರ ಅರಮನೆಗೆ ಎರಡು ಕಿವಿ ಇತ್ತು ಅಂತ ಹೇಳಬಹುದು. ಒಂದರಲ್ಲಿ ವೀಣೆ ಶೇಷಣ್ಣನವರಂಥವರ ಪರಂಪರೆ, ಮೈಸೂರು ವಾಸುದೇವಾಚಾರ್ಯರ ಕೃತಿಗಳು, ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲು. ಇನ್ನೊಂದರಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿ. ಅದನ್ನು ನಡೆಸಲು ಆಟೋ ಸ್ಮಿಟ್ ಎಂಬ ಜರ್ಮನ್ ಸಂಗೀತಗಾರ ಇದ್ದರು. ದಸರಾ ದರ್ಬಾರಿನಲ್ಲಿ ಎರಡೂ ಕೇಳಿಸುತ್ತಿದ್ದವು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಪಿಯಾನೋ ಹತ್ತಿರವಾಯಿತು. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಪಾಠ ಶುರುವಾಯಿತು. ತಂಗಿ ವಿಜಯಾದೇವಿಯೂ ಕಲಿತರು. ಅವರು ಮುಂದೆ ತಾವೇ ಒಳ್ಳೆಯ ಸಂಗೀತಗಾರ್ತಿಯಾಗಿ, 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು.

ರಾಜಕುಮಾರರ ಕಲಿಕೆ ಹವ್ಯಾಸದ ಮಟ್ಟದಲ್ಲಿ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಅವರಿಗೆ ಬಂತು. 1945ರಲ್ಲಿ ಲಂಡನ್ನಿನದೇ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರನ್ನು ಗೌರವ ಫೆಲೋ ಮಾಡಿಕೊಂಡಿತು. ಇತ್ತ 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದಕಗಳ ಸಮೇತ ಬಿ.ಎ. ಕೂಡ ಆಯಿತು. 1939ರಲ್ಲಿ ಯುರೋಪ್ ಪ್ರವಾಸಕ್ಕೆ ಹೋದರು. ವೇದಿಕೆಯ ಮೇಲೆ ಕೂತು ನುಡಿಸುವ ಪಿಯಾನೋ ವಾದಕನಾಗಬೇಕು ಅನ್ನುವುದು ಅವರ ಆಸೆ. ವಯಸ್ಸು 20. ಎಲ್ಲವೂ ಸರಿಯಾಗಿತ್ತು.

ಒಂದು ಸಣ್ಣ ಪಾಠ, ಬೇಸರ ಮಾಡಬೇಡಿ

ಇಲ್ಲಿ ಸ್ವಲ್ಪ ಥಿಯರಿ ಹೇಳದಿದ್ದರೆ ಮುಂದಿನ ಕಥೆಯ ಅರ್ಧ ಸ್ವಾರಸ್ಯ ಹೋಗುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಇದು ಕಷ್ಟವೇ ಅಲ್ಲ.

ಒಂದು ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕಂಪನಾಂಕ ಎರಡು ಪಟ್ಟು. ಕೆಳಗಿನ ಸ ಮತ್ತು ಮೇಲಿನ ಸ ನಡುವೆ ನಾವು 12 ಮೆಟ್ಟಿಲು ಮಾಡಿಕೊಂಡಿದ್ದೇವೆ. ಕರ್ನಾಟಕ ಸಂಗೀತದಲ್ಲಿ 12 ಸ್ವರಸ್ಥಾನ, ಪಿಯಾನೋದಲ್ಲಿ 12 ಕೀಲಿ, ಗಿಟಾರಿನಲ್ಲಿ 12 ಫ್ರೆಟ್. ವೀಣೆಗೆ 24 ಮೆಟ್ಟಿಲು, ಅಂದರೆ ಎರಡು ಸ್ಥಾಯಿ. ಲೆಕ್ಕ ಒಂದೇ.

ಕಾರ್ಡ್ ಅಂದರೆ ಎಂತ? ಬೇರೆ ಬೇರೆ ಸ್ವರಗಳನ್ನು, ಕಡಿಮೆ ಅಂದರೆ ಮೂರನ್ನು, ಒಟ್ಟಿಗೆ ನುಡಿಸುವುದು. ಒಂದು ಸ್ವರ ಹಿಡಿಯಿರಿ, ಅಲ್ಲಿಂದ 4 ಮನೆ ಮೇಲೆ ಇನ್ನೊಂದು, 7 ಮನೆ ಮೇಲೆ ಮತ್ತೊಂದು. ಅದು ಮೇಜರ್. 4ರ ಬದಲು 3 ಮನೆ ಮೇಲೆ ಹಿಡಿದರೆ ಮೈನರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ, ಅಂತರ ಗಾಂಧಾರ, ಪ ಸೇರಿದರೆ ಮೇಜರ್. ಸ, ಸಾಧಾರಣ ಗಾಂಧಾರ, ಪ ಸೇರಿದರೆ ಮೈನರ್. ಒಂದೇ ಒಂದು ಮನೆಯ ವ್ಯತ್ಯಾಸ. ಅಷ್ಟಕ್ಕೇ ಬೆಳಕು ಮಂದವಾದ ಹಾಗೆ ಕೇಳಿಸುತ್ತದೆ. ಇ ಮೈನರ್‌ನಲ್ಲಿ ಇರುವುದು ಇ, ಜಿ, ಬಿ ಎಂಬ ಮೂರೇ ಸ್ವರ. ಗಿಟಾರಿನ ಆರು ತಂತಿಯಲ್ಲಿ ಅವೇ ಮತ್ತೆ ಮತ್ತೆ ಬರುತ್ತವೆ.

ಈ 12 ಮನೆಗಳನ್ನು ಪಿಯಾನೋ ಮತ್ತು ಗಿಟಾರಿನಲ್ಲಿ ಸಮಾನ ಅನುಪಾತದಲ್ಲಿ ಹಂಚಿದ್ದಾರೆ. ಪ್ರತಿ ಮನೆಗೂ ಕಂಪನಾಂಕ ಸುಮಾರು 1.0595 ಪಟ್ಟು ಏರುತ್ತದೆ. ಈ ಸಂಖ್ಯೆಯನ್ನು 12 ಸಲ ಗುಣಿಸಿದರೆ 2 ಬರುತ್ತದೆ. ಇದರಿಂದ ಲಾಭ ಏನೆಂದರೆ ಯಾವ ಸ್ವರದಿಂದ ಶುರು ಮಾಡಿದರೂ ಕಾರ್ಡ್ ಒಂದೇ ಥರ ಕೇಳಿಸುತ್ತದೆ. ನಷ್ಟವೂ ಉಂಟು. 650 ಮಿಲಿಮೀಟರ್ ಉದ್ದದ ಗಿಟಾರ್ ತಂತಿಯಲ್ಲಿ ಪಂಚಮದ ಏಳನೇ ಫ್ರೆಟ್ ತುದಿಯಿಂದ 216.2 ಮಿಲಿಮೀಟರ್ ದೂರದಲ್ಲಿರುತ್ತದೆ. ಶುದ್ಧ 3:2 ಅನುಪಾತದ ಪಂಚಮ ಬೇಕಾದರೆ 216.7ರಲ್ಲಿ ಇರಬೇಕು. ಅರ್ಧ ಮಿಲಿಮೀಟರ್ ಅಷ್ಟೇ, ಕಿವಿ ಕ್ಷಮಿಸುತ್ತದೆ. ಆದರೆ ಅಂತರ ಗಾಂಧಾರದ ನಾಲ್ಕನೇ ಫ್ರೆಟ್ 134ರಲ್ಲಿದೆ, ಶುದ್ಧ 5:4 ಅನುಪಾತ ಕೇಳುವುದು 130. ನಾಲ್ಕು ಮಿಲಿಮೀಟರ್ ಎಡವಟ್ಟು! ತಂಬೂರಿ ಶ್ರುತಿಗೆ ಪಳಗಿದ ಕಿವಿಗೆ ಪಿಯಾನೋದ ಗಾಂಧಾರ ಸ್ವಲ್ಪ ಏರಿದಂತೆ ಕೇಳುವುದು ಇದಕ್ಕೇ.

ಇನ್ನೊಂದು ದೊಡ್ಡ ವ್ಯತ್ಯಾಸ ಗಮಕದ್ದು. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ತೂಗಬಹುದು. ಗಿಟಾರಿನವರು ಬೆಂಡ್ ಅಂತ ಮಾಡುವುದು ಅದರ ಸಣ್ಣ ತಮ್ಮ. ಪಿಯಾನೋದಲ್ಲಿ ಅದು ಸಾಧ್ಯವೇ ಇಲ್ಲ. ಕೀಲಿ ಒತ್ತಿದಿರಿ, ಸ್ವರ ಬಂತು, ಮುಗಿಯಿತು. ಹಾಗಾಗಿ ಒಂದು ಸಂಗೀತ ಸ್ವರಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಡ ಕಟ್ಟಿತು, ಇನ್ನೊಂದು ಒಂದರಿಂದ ಇನ್ನೊಂದಕ್ಕೆ ಹರಿಯುವ ದಾರಿಯನ್ನೇ ಹಿಗ್ಗಿಸಿ ನೋಡಿತು. ನಮ್ಮ ಕಥೆಯ ನಾಯಕರು ಈ ಎರಡನ್ನೂ ಬೆರಳಿನಲ್ಲಿ ಕಲಿತವರು.

1940

ಈಗ ಕಥೆಗೆ ವಾಪಸ್ ಬರುವ. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜರು ಬೊಂಬಾಯಿಯಲ್ಲಿ ತೀರಿಕೊಂಡರು. ಐದೇ ತಿಂಗಳಲ್ಲಿ, ಆಗಸ್ಟ್ 3ರಂದು, ನಾಲ್ವಡಿಯವರೂ ಹೋದರು. ಇನ್ನೂ ಬಹಳ ವರ್ಷ ಇದೆ ಅಂದುಕೊಂಡಿದ್ದ ಸರದಿ ಒಂದೇ ಮಳೆಗಾಲದೊಳಗೆ ಬಂದು ಬಾಗಿಲು ತಟ್ಟಿತು. ಸೆಪ್ಟೆಂಬರ್ 8ರಂದು 21 ವರ್ಷದ ಯುವಕ ಮೈಸೂರಿನ ಸಿಂಹಾಸನ ಏರಿದರು. ಯುರೋಪಿನಲ್ಲಿ ಯುದ್ಧ ಹತ್ತಿ ಉರಿಯುತ್ತಿತ್ತು. ವೇದಿಕೆಯ ಪಿಯಾನೋ ವಾದಕನ ಕನಸು ಅಲ್ಲಿಗೆ ಮುಗಿಯಿತು.

ಬೇಡ ಅನ್ನುವ ಆಯ್ಕೆ ಅವರಿಗಿತ್ತಾ? ನನಗೆ ಕಾಣುವ ಮಟ್ಟಿಗೆ ಇರಲಿಲ್ಲ. ಬಡವರ ಮನೆಯ ಮಗನಿಗೆ ಹೊಟ್ಟೆಪಾಡು ಹೇಗೆ ದಾರಿ ಕಟ್ಟುತ್ತದೋ, ಅರಮನೆಯ ಮಗನಿಗೆ ಪಟ್ಟ ಹಾಗೇ ದಾರಿ ಕಟ್ಟಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಅಂತ ನನಗೂ ಗೊತ್ತು. ಒಬ್ಬರಿಗೆ ಊಟದ ಚಿಂತೆ, ಇನ್ನೊಬ್ಬರಿಗೆ ಅದಿಲ್ಲ. ಆದರೂ ಕೈಯಲ್ಲಿ ಕಲೆ ಇದ್ದು ಬಿಡಬೇಕಾಗಿ ಬಂದವನ ಸಂಕಟ ಒಂದಿಷ್ಟು ಒಂದೇ ಥರ ಇರುತ್ತದೆ ಅನಿಸುತ್ತದೆ.

ಅವರು ಪಿಯಾನೋ ಮುಚ್ಚಿಡಲಿಲ್ಲ. ನುಡಿಸುವವನಾಗಿ ಹೋಗಲಾಗದ ಕಡೆಗೆ ಕೇಳುವವನಾಗಿ ಹೋದರು. ಸಾವಿರಾರು ಗ್ರಾಮಫೋನ್ ತಟ್ಟೆಗಳನ್ನು ತರಿಸಿಕೊಂಡರು. ಹಾಗೆ ಕೇಳುತ್ತಾ ಅವರ ಮನಸ್ಸಿಗೆ ಹತ್ತಿರವಾದ ಹೆಸರು ನಿಕೊಲಾಯ್ ಮೆಡ್ನರ್.

ಲಂಡನ್ನಿನ ಮೂಲೆಯಲ್ಲಿ ಒಬ್ಬ ರಷ್ಯನ್

ಮೆಡ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ದೊಡ್ಡ ಪಿಯಾನೋ ವಾದಕ, ಸಂಯೋಜಕ. ರಾಕ್ಮನಿನಾಫ್ ಅವರ ಗೆಳೆಯ. ರಾಕ್ಮನಿನಾಫ್ ತಮ್ಮ ನಾಲ್ಕನೇ ಪಿಯಾನೋ ಕಾನ್ಸರ್ಟೋವನ್ನು ಇವರಿಗೇ ಅರ್ಪಿಸಿದ್ದಾರೆ. ರಷ್ಯಾದ ಕ್ರಾಂತಿಯ ನಂತರ, 1921ರಲ್ಲಿ, ಮೆಡ್ನರ್ ದೇಶ ಬಿಟ್ಟರು. ಅಲ್ಲಿ ಇಲ್ಲಿ ಸುತ್ತಿ 1930ರ ದಶಕದ ನಡುವಿನಲ್ಲಿ ಲಂಡನ್ನಿನಲ್ಲಿ ನೆಲೆ ನಿಂತರು. ಆ ಹೊತ್ತಿಗೆ ಸಂಗೀತದ ಗಾಳಿ ಬದಲಾಗಿತ್ತು. ಹಳೆಯ ಸಾಮರಸ್ಯ, ಹಳೆಯ ರಾಗಭಾವ ಹಿಡಿದು ಬರೆಯುವ ಇವರು ಕಾಲ ಮೀರಿದವರು ಅನಿಸಿಕೊಂಡರು. ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ. ಆ ದಿನಗಳಲ್ಲೇ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋ ಬರೆದು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು.

ಯುದ್ಧ ಮುಗಿದ ಮೇಲೆ ಮೈಸೂರಿನಿಂದ ಸಹಾಯ ಬಂತು. ಮೆಡ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಣ ಮಾಡಬೇಕು, ಖರ್ಚು ಮಹಾರಾಜರದು. ಇದಕ್ಕಾಗಿ ಮೆಡ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಕಂಪನಿ ತಟ್ಟೆಗಳನ್ನು ಹೊರತಂದಿತು. ಮೂರೂ ಕಾನ್ಸರ್ಟೋಗಳು, ಸೊನಾಟಾಗಳು, ಹಾಡುಗಳು, ಎಲ್ಲ ಸೇರಿ ಮೂರು ಸಂಪುಟ. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ನಾಲ್ಕೈದು ನಿಮಿಷ. ಅರ್ಧ ಗಂಟೆ ಮೀರುವ ಕಾನ್ಸರ್ಟೋ ಒಂದನ್ನು ಎಂಟೊಂಬತ್ತು ತುಂಡು ಮಾಡಿ, ಒಂದೊಂದು ತುಂಡನ್ನೂ ತಪ್ಪಿಲ್ಲದೆ ಒಂದೇ ಉಸಿರಿಗೆ ನುಡಿಸಬೇಕು. ಎಡಿಟಿಂಗ್ ಅನ್ನುವುದು ಇರಲಿಲ್ಲ. 67 ದಾಟಿದ, ಹೃದಯದ ಕಾಯಿಲೆಯ ಮನುಷ್ಯ ಹೀಗೆ ಕೂತು ತಮ್ಮ ಜೀವಮಾನದ ಕೆಲಸವನ್ನು ಮೇಣದ ಮೇಲೆ ಬಿಟ್ಟು ಹೋದರು. 1951ರ ನವೆಂಬರ್‌ನಲ್ಲಿ ತೀರಿಕೊಂಡರು. ಮೆಡ್ನರ್ ಹೇಗೆ ನುಡಿಸುತ್ತಿದ್ದರು ಅಂತ ಇಂದು ನಾವು ಇಷ್ಟು ವಿಸ್ತಾರವಾಗಿ ಕೇಳಬಹುದಾದರೆ ಅದಕ್ಕೆ ದೊಡ್ಡ ಕಾರಣ ಮೈಸೂರು.

ಮೆಡ್ನರ್ ಆ ಮೂರನೇ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಅದರ ಶ್ರುತಿ ಯಾವುದು ಗೊತ್ತಾ? ಇ ಮೈನರ್. ಬಲೆ ರಾಶಿಯ ಪಕ್ಕ ನಾನು ಎರಡು ಬೆರಳಲ್ಲಿ ಒತ್ತಿದ್ದ ಅದೇ ಮೂರು ಸ್ವರ.

ಹತ್ತು ಸಾವಿರ ಪೌಂಡ್

ಅಷ್ಟಕ್ಕೆ ನಿಲ್ಲಲಿಲ್ಲ. 1945ರಲ್ಲಿ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು. ಆರ್ಕೆಸ್ಟ್ರಾ ಅಂದರೆ ಪ್ರತಿ ತಿಂಗಳೂ ಸಂಬಳ ಕೊಡಬೇಕಾದ ದೊಡ್ಡ ಸಂಸಾರ. ಲೆಗ್ ಮೈಸೂರಿಗೆ ಬಂದರು, ಮಹಾರಾಜರ ಜೊತೆ ಸಂಗೀತದ ಬಗ್ಗೆ ಮಾತಾಡಿದರು. ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ಕೊಡುವುದಾಗಿ ಮಹಾರಾಜರು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಇದೇ ಆರ್ಕೆಸ್ಟ್ರಾ ಒಂದು ಹೊಸ ಕೃತಿಯನ್ನು ಮೊದಲ ಸಲ ನುಡಿಸಿತು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು. ಬರೆದವರು ಅದನ್ನು ಕೇಳಲಿಲ್ಲ, 1949ರಲ್ಲೇ ತೀರಿಕೊಂಡಿದ್ದರು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವ್ಯಾಂಗ್ಲರ್ ನಡೆಸಿದರು. ಈ ಕಛೇರಿಯ ಹಣದ ಜವಾಬ್ದಾರಿ ಹೊತ್ತವರು ಜಯಚಾಮರಾಜೇಂದ್ರ ಒಡೆಯರ್. ಅವರಿಗೆ ಹೋಗಲು ಆಗಲಿಲ್ಲ. ಮೈಸೂರಿನಲ್ಲಿ ಕೂತು ಕೇಳಲೆಂದು ಅದನ್ನು ತಟ್ಟೆಗೆ ಇಳಿಸಿ ಹಡಗಿನಲ್ಲಿ ಕಳಿಸಿದರು. ಇಂದು ಜಗತ್ತಿನ ದೊಡ್ಡ ದೊಡ್ಡ ಗಾಯಕಿಯರು ಹಾಡುವ ಆ ನಾಲ್ಕು ಹಾಡುಗಳ ಮೊದಲ ಕೇಳುಗರಲ್ಲಿ ನಮ್ಮ ಮೈಸೂರಿನವರೊಬ್ಬರು ಹೀಗೆ ಸೇರಿದರು, ಸಾವಿರಾರು ಮೈಲಿ ದೂರದಲ್ಲಿ, ತಡವಾಗಿ.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ನನ್ನ ಅಜ್ಜನ ಹತ್ತಿರ ಈ ಕಥೆ ಹೇಳಿದಾಗ ಅವರು ಕೇಳಿದ್ದೂ ಇದನ್ನೇ. ಆಗಿನ ದರದಲ್ಲಿ ಪೌಂಡಿಗೆ ಸುಮಾರು 13 ರೂಪಾಯಿ ಚಿಲ್ಲರೆ. ಅಂದರೆ ವರ್ಷಕ್ಕೆ 1,33,000 ರೂಪಾಯಿಯಷ್ಟು. ದೇಶಕ್ಕೆ ಆಗ ತಾನೇ ಸ್ವಾತಂತ್ರ್ಯ ಬಂದಿತ್ತು, ಊರೂರಿನಲ್ಲಿ ಶಾಲೆ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ. ಆ ದುಡ್ಡು ಲಂಡನ್ನಿನ ಪಿಟೀಲಿನವರಿಗೆ ಯಾಕೆ?

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರಮನೆಯ ಖಜಾನೆ ಕೊನೆಗೂ ಜನರ ಬೆವರೇ ಅನ್ನುವುದು ಸುಳ್ಳಲ್ಲ. ಇನ್ನೊಂದು ಬದಿಯೂ ಉಂಟು. ಇದೇ ಮಹಾರಾಜರು ಋಗ್ವೇದ, ಪುರಾಣಗಳನ್ನು ಸಾಮಾನ್ಯ ಓದುಗರಿಗೂ ಅರ್ಥವಾಗುವಂತೆ ಕನ್ನಡಕ್ಕೆ ತರಿಸಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಅಚ್ಚು ಹಾಕಿಸಿದರು. ಆ ಸಂಪುಟಗಳು ಹಳೆಯ ಲೈಬ್ರರಿಗಳಲ್ಲಿ ಈಗಲೂ ಸಿಗುತ್ತವೆ. ಲಂಡನ್ನಿಗೆ ಹೋದ ಹಣ ಮಾತ್ರ ಲಂಡನ್ನಿಗೇ ಹೋಯಿತು. ಅಜ್ಜನ ಪ್ರಶ್ನೆ ಸರಿಯಾದದ್ದೇ. ಅದನ್ನು ಮುಚ್ಚಿಟ್ಟು ಬರೀ ಹೊಗಳಿಕೆ ಬರೆದರೆ ಈ ಲೇಖನ ಯಾರಿಗೂ ಪ್ರಯೋಜನ ಇಲ್ಲ.

ವೀಣೆಯ ಕಡೆಗೆ

ಈ ಎಲ್ಲದರ ನಡುವೆ ಅವರ ಸಂಗೀತ ಇನ್ನೊಂದು ತಿರುವು ಪಡೆಯಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರಲ್ಲಿ ಕರ್ನಾಟಕ ಸಂಗೀತದ ಒಳಗುಟ್ಟುಗಳನ್ನು ತಿಳಿದುಕೊಂಡರು. ಶ್ರೀವಿದ್ಯೆಯ ಉಪಾಸನೆಗೆ ಇಳಿದರು. 1940ರ ದಶಕದ ನಡುವಿನಿಂದ ಕೃತಿಗಳನ್ನು ರಚಿಸತೊಡಗಿದರು. ಭಾಷೆ ಸಂಸ್ಕೃತ, ಅಂಕಿತ ಶ್ರೀವಿದ್ಯಾ. ಒಟ್ಟು 94 ಕೃತಿಗಳು, ಬೇರೆ ಬೇರೆ ರಾಗಗಳಲ್ಲಿ. ಮುತ್ತುಸ್ವಾಮಿ ದೀಕ್ಷಿತರ ದಾರಿಯಲ್ಲಿ, ಸಾಹಿತ್ಯದೊಳಗೆ ರಾಗದ ಹೆಸರನ್ನೂ ಹೆಣೆಯುವ ಕ್ರಮ ಅವರದು. ಅಪರೂಪದ ರಾಗಗಳನ್ನು ಹುಡುಕಿ ಹಿಡಿದರು.

ಅವರ ಕೃತಿಗಳಲ್ಲಿ ಕಛೇರಿಗಳಲ್ಲಿ ಹೆಚ್ಚು ಕೇಳಿಬರುವುದು ಗಂಭೀರನಾಟ ರಾಗದ ‘ಶ್ರೀ ಜಾಲಂಧರ’. ಗಂಭೀರನಾಟದಲ್ಲಿ ಐದೇ ಸ್ವರ. ಸ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪ, ಕಾಕಲಿ ನಿಷಾದ. ಗಿಟಾರ್ ಇರುವವರು ಸಿ ಅನ್ನು ಸ ಮಾಡಿಕೊಳ್ಳಿ. ನಿಮಗೆ ಸಿಗುವ ಸ್ವರಗಳು ಸಿ, ಇ, ಎಫ್, ಜಿ, ಬಿ. ಈಗ ಮೂರು ಸ್ವರದ ಕಾರ್ಡ್ ಎಷ್ಟು ಕಟ್ಟಬಹುದು ನೋಡಿ. ಸ, ಗ, ಪ ಸೇರಿದರೆ ಸಿ ಮೇಜರ್. ಎಫ್ ಮೇಜರ್ ಕಟ್ಟಲು ಎ ಬೇಕು, ಅಂದರೆ ದೈವತ, ಅದು ಇಲ್ಲ. ಜಿ ಮೇಜರ್‌ಗೆ ಡಿ ಬೇಕು, ಅಂದರೆ ರಿಷಭ, ಅದೂ ಇಲ್ಲ. ಸಿನಿಮಾ ಹಾಡುಗಳಿಗೆ ಕಣ್ಣು ಮುಚ್ಚಿ ಹಾಕುವ ಸಿ, ಎಫ್, ಜಿ ಕಾರ್ಡ್‌ಗಳ ಸರಣಿ ಇಲ್ಲಿ ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ. ಉಳಿಯುವುದು ಗ, ಪ, ನಿ. ಅಂದರೆ ಇ, ಜಿ, ಬಿ.

ಮತ್ತೆ ಇ ಮೈನರ್!

ಇದು ಕಾಕತಾಳೀಯ, ಇದರಲ್ಲಿ ರಹಸ್ಯ ಎಂತದೂ ಇಲ್ಲ. ಸ ಯಾವುದು ಅಂತ ನಾವು ಆರಿಸಿದ್ದಕ್ಕೆ ಹಾಗೆ ಬಂತು. ಆದರೆ ಒಂದು ವಿಷಯ ಅರ್ಥವಾಗುತ್ತದೆ. ಗಂಭೀರನಾಟಕ್ಕೆ ಸಿ ಮತ್ತು ಇ ಮೈನರ್ ಎರಡು ಕಾರ್ಡ್ ಬದಲಾಯಿಸುತ್ತಾ ಕೂತರೆ ರಾಗ ಕೆಡುವುದಿಲ್ಲ. ಎರಡಕ್ಕೂ ಇ ಮತ್ತು ಜಿ ಸಮಾನ, ಬದಲಾಗುವುದು ಸ ಇದ್ದಲ್ಲಿ ನಿ ಬರುವುದು, ಅಷ್ಟೇ. ಹಾಗಿದ್ದರೂ ಮಧ್ಯಮದ ಮೇಲೆ ಗಮಕ ಬಂದಾಗ ಕೆಳಗಿನ ಕಾರ್ಡ್ ಅಡ್ಡ ಬರುತ್ತದೆ, ಏಕೆಂದರೆ ಕಾರ್ಡ್ ನಿಂತ ನೀರು, ಗಮಕ ತೂಗುವ ನೀರು. ಪಿಯಾನೋ ಥಿಯರಿಯನ್ನು ಲಂಡನ್ನಿನ ಪರೀಕ್ಷೆಯ ಮಟ್ಟಕ್ಕೆ ಓದಿದ ಮನುಷ್ಯನಿಗೆ ಇದು ನನಗಿಂತ ಸಾವಿರ ಪಾಲು ಚೆನ್ನಾಗಿ ಗೊತ್ತಿತ್ತು. ಅವರು ತಮ್ಮ ಕೃತಿಗಳನ್ನು ಪಲ್ಲವಿ, ಅನುಪಲ್ಲವಿ, ಚರಣದ ನಮ್ಮ ಚೌಕಟ್ಟಿನಲ್ಲೇ ಕಟ್ಟಿದರು. ಎರಡು ಸಂಗೀತ ಗೊತ್ತಿದ್ದವರು ಎರಡನ್ನೂ ಕಲಸಿ ತೋರಿಸಬೇಕು ಅಂತ ಏನಿಲ್ಲ. ಒಂದೊಂದಕ್ಕೂ ಅದರದರ ಮರ್ಯಾದೆ ಕೊಟ್ಟರು.

ನಮ್ಮ ಊರಿಗೂ ಅವರಿಗೂ

ರಾಜ್ಯ ಹೋಗುವ ಕಾಲ ಬಂತು. 1947ರಲ್ಲಿ ಮೈಸೂರು ಭಾರತಕ್ಕೆ ಸೇರಿತು. 1950ರ ಜನವರಿ 26ರ ನಂತರ ಅವರು ಮೈಸೂರಿನ ರಾಜಪ್ರಮುಖರಾದರು. ಆಗ ಮಂಗಳೂರು ಮದ್ರಾಸ್ ಸರ್ಕಾರದ ಕೆಳಗಿತ್ತು, ಒಡೆಯರಿಗೂ ಬೆಂಗ್ರೆಗೂ ಯಾವ ಸಂಬಂಧವೂ ಇರಲಿಲ್ಲ. 1956ರ ನವೆಂಬರ್ 1ರಂದು ಕನ್ನಡದ ನಾಡು ಒಂದಾಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸ ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರ್. ಅಂದರೆ ಅವತ್ತಿನಿಂದ ನಮ್ಮ ಈ ಮರಳಿನ ಪಟ್ಟಿಗೂ ಅವರೇ ರಾಜ್ಯಪಾಲರು. ರಾಜರಾಗಿ ಅವರು ನಮಗೆ ಯಾವತ್ತೂ ಬರಲಿಲ್ಲ, ಸಂವಿಧಾನದ ಸೇವಕರಾಗಿ ಬಂದರು. ಅಜ್ಜನಿಗೆ ಇದು ಬಹಳ ಇಷ್ಟವಾಯಿತು.

1964ರವರೆಗೆ ಇಲ್ಲಿ, ಆಮೇಲೆ 1966ರವರೆಗೆ ಮದ್ರಾಸಿನಲ್ಲಿ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರಿಗೆ ಫೆಲೋಶಿಪ್ ಕೊಟ್ಟಿತು. 1971ರಲ್ಲಿ ಕೇಂದ್ರ ಸರ್ಕಾರ ರಾಜಧನ ಮತ್ತು ರಾಜಪದವಿಗಳನ್ನು ರದ್ದು ಮಾಡಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ತೀರಿಕೊಂಡರು. 55 ವರ್ಷ. ಸಿಂಹಾಸನ, ಪದವಿ, ರಾಜಧನ ಎಲ್ಲವೂ ಅವರ ಕಣ್ಣೆದುರೇ ಒಂದೊಂದಾಗಿ ಹೋದವು. ಹೋಗದೆ ಉಳಿದದ್ದು 94 ಕೃತಿಗಳು, ಮೆಡ್ನರ್ ತಟ್ಟೆಗಳು, ಮತ್ತು ಇಂದಿಗೂ ಲಂಡನ್ನಿನಲ್ಲಿ ನುಡಿಸುತ್ತಿರುವ ಒಂದು ಆರ್ಕೆಸ್ಟ್ರಾ.

ಕೊನೆಗೆ

ನನಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗಿದೆ. ಜುಲೈಯಲ್ಲಿ ಬೆಂಗಳೂರಿಗೆ ಹೋಗಬೇಕು. ಮನೆಯಲ್ಲಿ ಮೊದಲ ತಿಂಗಳ ಸಂಬಳ ಬರುವುದನ್ನು ಕಾಯುತ್ತಿದ್ದಾರೆ, ದೋಣಿಯ ಸಾಲ ಇನ್ನೂ ಉಂಟು. ಗಿಟಾರ್ ವಾದಕ ಆಗುವುದು ಅಂತ ಎರಡು ವರ್ಷದ ಹಿಂದೆ ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಈಗ ಆ ಮಾತು ಎತ್ತಿದರೆ ನನಗೇ ನಗು ಬರುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ. ಇದನ್ನು ಓದುವ ನಿಮ್ಮಲ್ಲಿ ಹಲವರದ್ದು ಇದೇ ಕಥೆ ಅಂತ ಗೊತ್ತು. ಯಾರದ್ದೋ ಯಕ್ಷಗಾನದ ಚೆಂಡೆ, ಯಾರದ್ದೋ ಭರತನಾಟ್ಯ, ಯಾರದ್ದೋ ಕ್ಯಾಮೆರಾ.

ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಇದ್ದ ದುಡ್ಡು ನಮಗಿಲ್ಲ, ನಾವು ಯಾವ ಆರ್ಕೆಸ್ಟ್ರಾವನ್ನೂ ಸಾಕುವ ಹಾಗಿಲ್ಲ. ಆದರೆ ಅವರು ಮಾಡಿದ್ದರಲ್ಲಿ ಒಂದು ಕೆಲಸಕ್ಕೆ ದುಡ್ಡು ಬೇಕಾಗಿರಲಿಲ್ಲ. ವೃತ್ತಿ ಕೈ ತಪ್ಪಿದ ಮೇಲೂ ಅವರು ಕಲಿಯುವುದನ್ನು ನಿಲ್ಲಿಸಲಿಲ್ಲ. ರಾಜ್ಯದ ಕೆಲಸ ಮುಗಿಸಿ ಬಂದು, ಗುರುವಿನ ಮುಂದೆ ಶಿಷ್ಯನಾಗಿ ಕೂತು, ಹೊಸ ವಾದ್ಯ ಹಿಡಿದರು.

ಅಜ್ಜನಿಗೆ ಕಥೆ ಪೂರ್ತಿ ಹೇಳಿದ ದಿನ ಅವರು ಸ್ವಲ್ಪ ಹೊತ್ತು ಬಲೆಯ ನೂಲನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಆಮೇಲೆ, ಆ ರಾಜರ ಶ್ರುತಿ ಒಮ್ಮೆ ಬಾರಿಸು ನೋಡುವ ಅಂದರು. ಎರಡು ಬೆರಳು ಇಟ್ಟು ಆರೂ ತಂತಿ ಮೀಟಿದೆ. ಇಷ್ಟೇಯಾ ಅಂತ ಕೇಳಿದರು. ಇಷ್ಟೇ ಅಜ್ಜ, ಇಲ್ಲಿಂದ ಶುರು ಅಂದೆ.

ಬೆಂಗಳೂರಿಗೆ ಗಿಟಾರ್ ತೆಗೆದುಕೊಂಡು ಹೋಗ್ತೇನೆ. ನಿಮ್ಮ ಹತ್ತಿರ ಗಿಟಾರ್ ಇದ್ದರೆ ಇವತ್ತು ರಾತ್ರಿ ಸಿ ಹಿಡಿಯಿರಿ, ಆಮೇಲೆ ಇ ಮೈನರ್, ಮತ್ತೆ ಸಿ. ಅದರ ಮೇಲೆ ಸ ಗ ಮ ಪ ನಿ ಅಂತ ಹಾಡಿ ನೋಡಿ. ಮಧ್ಯಮ ಬಂದಾಗ ಎರಡು ಕಾರ್ಡೂ ಸರಿ ಹೊಂದುವುದಿಲ್ಲ. ಅಲ್ಲಿ ಕೈ ನಿಲ್ಲಿಸಿ, ದನಿ ಒಂದೇ ಹೋಗಲಿ.